ವೆಂಬನಾಡ್ ಸರೋವರ: ಗೇಟು ಮುಚ್ಚಿದರೆ ಮೀನುಗಾರರಿಗೆ ನಷ್ಟ, ತೆರೆದರೆ ರೈತರಿಗೆ ಕಷ್ಟ, ಗಣಿತ ಏನು ಹೇಳುತ್ತದೆ?

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ಮಾನವ ನಿರ್ಮಿತ ದ್ವೀಪ. ಕಳೆದ ಶತಮಾನದ ಆರಂಭದಲ್ಲಿ ರಾಬರ್ಟ್ ಬ್ರಿಸ್ಟೊ ನೇತೃತ್ವದಲ್ಲಿ ಬಂದರು ನಿರ್ಮಿಸುವಾಗ ಹೂಳೆತ್ತಿದ ಮಣ್ಣಿನಿಂದ ಇದು ರೂಪುಗೊಂಡಿತು. ಅರಬ್ಬಿ ಸಮುದ್ರದ ಉಬ್ಬರದ ನೀರು ಈ ದ್ವೀಪದ ಇಕ್ಕೆಲಗಳಲ್ಲಿ ಹಾದು ವೆಂಬನಾಡ್ ಸರೋವರದೊಳಗೆ ನುಗ್ಗುತ್ತದೆ.

ದಕ್ಷಿಣದಲ್ಲಿರುವುದು ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಕುಟ್ಟನಾಡು. ಉಪ್ಪುನೀರು ಅಲ್ಲಿಗೆ ತಲುಪದಂತೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಬಂಡ್ ಕಟ್ಟಲಾಯಿತು. ಇದರಲ್ಲಿ 90 ಗೇಟುಗಳಿವೆ. ಡಿಸೆಂಬರ್ ಮಧ್ಯದಲ್ಲಿ ಮುಚ್ಚಿ ಮಾರ್ಚ್ ಮಧ್ಯದಲ್ಲಿ ತೆರೆಯುವುದು ರೂಢಿ.

ಜಗಳ ಏನು?

ಗೇಟು ಬೇಗ ತೆರೆದರೆ ಪೈರಿಗೆ ಉಪ್ಪು ತಗಲುತ್ತದೆ. ತಡವಾದರೆ ನೀರು ನಿಂತು ಕೊಳೆಯುತ್ತದೆ, ಜಲಕಳೆ ಹಬ್ಬುತ್ತದೆ. ಮರಿ ಮಾಡಲು ಉಪ್ಪುನೀರಿನತ್ತ ಹೋಗುವ ಸಿಗಡಿಯ ದಾರಿಯೂ ಬಂದ್ ಆಗುತ್ತದೆ. ಹೀಗಾಗಿ ರೈತರು ಮತ್ತು ಮೀನುಗಾರರ ನಡುವೆ ಈ ವಿಷಯದಲ್ಲಿ ಹಳೆಯ ತಿಕ್ಕಾಟವಿದೆ.

ಅಂಚಿನಿಂದಲೇ ನಿಯಂತ್ರಣ

ತೆರೆದ ಕಾಲುವೆಯಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಫ್ರಾನ್ಸ್‌ನ ಎಂಜಿನಿಯರ್ ಸೇಂಟ್ ವೆನಾಂಟ್ 1871ರಲ್ಲಿ ಎರಡು ಸಮೀಕರಣಗಳಲ್ಲಿ ಹೇಳಿದರು. ಒಂದು ನೀರಿನ ಪ್ರಮಾಣದ ಲೆಕ್ಕ, ಇನ್ನೊಂದು ಅದರ ವೇಗದ ಲೆಕ್ಕ. ನಿಧಾನವಾಗಿ ಹರಿಯುವ ನೀರಿಗೆ ಈ ಲೆಕ್ಕ ಬಿಡಿಸಲು ಆರಂಭದ ಸ್ಥಿತಿಯ ಜತೆಗೆ ಎರಡೂ ತುದಿಗಳಲ್ಲಿ ಒಂದೊಂದು ಷರತ್ತು ಗೊತ್ತಿರಬೇಕು. ನಡುವಿನ ನೀರನ್ನು ಯಾರೂ ಕೈಯಿಂದ ಹಿಡಿಯಲಾಗದು. ಹಿಡಿತ ಸಿಗುವುದು ಅಂಚುಗಳಲ್ಲಿ ಮಾತ್ರ.

ವೆಂಬನಾಡ್‌ನಲ್ಲಿ ಕೊಚ್ಚಿಯ ಅಂಚನ್ನು ಸಮುದ್ರವೇ ನಿರ್ಧರಿಸುತ್ತದೆ. ಮನುಷ್ಯನ ಕೈಗೆ ಸಿಗುವುದು ಬಂಡ್‌ನ ಗೇಟು.

ಆದರೆ ಗೇಟು ಎತ್ತಿದ ತಕ್ಷಣ ಪರಿಣಾಮ ದೂರದಲ್ಲಿ ಕಾಣಿಸುವುದಿಲ್ಲ. ಎರಡೂವರೆ ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5 ಮೀಟರ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಸಾಗುತ್ತದೆ. ಈ ವಿಳಂಬ ಲೆಕ್ಕಿಸದೆ ಗೇಟನ್ನು ಪದೇ ಪದೇ ಏರಿಳಿಸಿದರೆ ನೀರಿನ ಮಟ್ಟ ಶಾಂತವಾಗುವ ಬದಲು ಹೊಯ್ದಾಡಬಹುದು.

ಪರಿಹಾರ ಏನು?

ಮುಚ್ಚಿದ ಗೇಟು ಗೋಡೆಯಂತೆ ಅಲೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ಗೇಟಿನ ಬಳಿಯ ಮಟ್ಟವನ್ನು ಸತತವಾಗಿ ಅಳೆದು ತಕ್ಕಷ್ಟೇ ತೆರೆದರೆ ಅಲೆ ಅಲ್ಲಿಯೇ ಅಡಗುತ್ತದೆ. ಇದೇ ಗಡಿ ನಿಯಂತ್ರಣದ ತಿರುಳು. ಬೆಲ್ಜಿಯಂನ ಜಾರ್ಜ್ ಬಾಸ್ಟಿನ್, ಫ್ರಾನ್ಸ್‌ನ ಜೀನ್ ಮಿಷೆಲ್ ಕೊರೊನ್ ಮೊದಲಾದ ಗಣಿತಜ್ಞರು, ಇಂಥ ನಿಯಮದಿಂದ ಹರಿವು ಸ್ಥಿರವಾಗಲು ಬೇಕಾದ ಷರತ್ತುಗಳನ್ನು ಸಾಧಿಸಿ ತೋರಿಸಿದ್ದಾರೆ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. 10,000 ಕ್ಯುಸೆಕ್ ಸಾಮರ್ಥ್ಯದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಲಾಯಿತು. ಕಾಲುವೆಯ ಕೊನೆ ಭಾಗದ ರೈತನಿಗೆ ಸಮಯಕ್ಕೆ ನೀರು ಸಿಗಬೇಕಾದರೂ ಮೇಲಿನ ಗೇಟು ಎಷ್ಟು ಗಂಟೆ ಮೊದಲು, ಎಷ್ಟು ತೆರೆಯಬೇಕು ಎಂಬ ಇದೇ ಲೆಕ್ಕ ಬೇಕು.

ಗಣಿತಕ್ಕೂ ಮಿತಿಯಿದೆ. ಉಪ್ಪಿನ ಪ್ರಮಾಣ ತಿಳಿಯಲು ಮತ್ತೊಂದು ಸಮೀಕರಣ ಸೇರಿಸಬೇಕು. ಬಯಸಿದ ಮಟ್ಟಕ್ಕೆ ನೀರನ್ನು ತಂದು ನಿಲ್ಲಿಸುವುದು ಹೇಗೆ ಎಂದು ಅದು ಹೇಳಬಲ್ಲದು. ಆ ಮಟ್ಟ ಎಷ್ಟಿರಬೇಕು, ಉಪ್ಪು ಎಷ್ಟು ಇರಬಹುದು ಎಂಬುದನ್ನು ಮಾತ್ರ ರೈತರು ಮತ್ತು ಮೀನುಗಾರರು ಒಟ್ಟಿಗೆ ಕುಳಿತೇ ತೀರ್ಮಾನಿಸಬೇಕು.