ಬಸ್ಸಿನ ಎಡಮಗ್ಗುಲಲ್ಲಿ ಸೈಕಲ್

ಕೆಂಗೇರಿ ಉಪನಗರದ ಹುಡುಗನೊಬ್ಬನನ್ನು ಈಚೆಗೆ ಅವನ ತಂದೆ ನನ್ನ ಬಳಿ ಕರೆತಂದಿದ್ದರು. ಮೈಸೂರು ರಸ್ತೆಯ ತಿರುವೊಂದರಲ್ಲಿ, ನಿಂತಿದ್ದ ಬಸ್ಸಿನ ಎಡಗಡೆಯ ಸಂದಿಯಲ್ಲಿ ಸೈಕಲ್ ನುಗ್ಗಿಸಿದ್ದಾನೆ. ಬಸ್ಸು ಎಡಕ್ಕೆ ತಿರುಗಿದೆ. ಸೈಕಲ್ ನಜ್ಜುಗುಜ್ಜಾಯಿತು, ಹುಡುಗ ಫುಟ್‌ಪಾತಿನ ಕಡೆ ಬಿದ್ದು ಮಂಡಿ ತರಚಿಕೊಂಡ, ಅಷ್ಟೇ. ‘ಮುಂದಿನ ಚಕ್ರ ಇವನನ್ನು ದಾಟಿ ಹೋಗಿತ್ತಂತೆ ಡಾಕ್ಟ್ರೇ, ಮತ್ತೆ ಹೇಗೆ ತಗುಲಿತು?’ ಎಂದರು ತಂದೆ.

ತಿಳಿಯಬೇಕಾದ್ದು ಅದೇ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ. ಒಳಬದಿಗೆ ಸರಿದು ಬರುತ್ತವೆ. ಸಂದಿ ಕ್ಷಣದಲ್ಲಿ ಮುಚ್ಚಿಹೋಗುತ್ತದೆ. ಚಾಲಕ ಕೂರುವುದು ಬಲಗಡೆ. ಎಡಬದಿಗೆ ಒತ್ತಿಕೊಂಡ ಸೈಕಲ್ ಅವನಿಗೆ ಕಾಣದಿರಬಹುದು. ಎಡಕ್ಕೆ ತಿರುಗುವ ಮುನ್ನ ಲಾರಿ ಕೊಂಚ ಬಲಕ್ಕೆ ಸರಿಯುವುದೂ ಉಂಟು. ದಾರಿ ಬಿಟ್ಟನೆಂದು ಮಕ್ಕಳು ಮೋಸಹೋಗುತ್ತಾರೆ (ದೊಡ್ಡವರೂ!).

ಆದ್ದರಿಂದ ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕ ಬೇಡ, ಹಿಂದೆ ನಿಲ್ಲಿ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಹೆಲ್ಮೆಟ್ ತಲೆಗೆ ಬೇಕೇ ಬೇಕು. ಆದರೆ ಸೊಂಟ, ತೊಡೆಗಳನ್ನು ಅದು ಕಾಯದು.

ಚಕ್ರ ಹರಿದ ತೊಡೆಯ ಚರ್ಮ ಮೇಲೆ ಸರಿಯಾಗಿ ಕಂಡರೂ ಒಳಗೆ ಮಾಂಸದಿಂದ ಬಿಟ್ಟುಕೊಂಡಿರಬಹುದು. ಸೊಂಟದ ಮೂಳೆ ಮುರಿದರೆ ಹೊರಗೆ ಹನಿ ಕಾಣದೆ ಒಳಗೇ ಪ್ರಾಣಾಂತಕವಾಗಿ ರಕ್ತ ಸೋರಬಹುದು. ಅಂಥವರನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿಹಿಡಿದು 108ಕ್ಕೆ ಕರೆಮಾಡಿ. ಪೊಲೀಸ್ ರಗಳೆಯ ಭಯ ಬೇಡ: 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.