ಕಚ್ಚುವವರೆಗೆ ನಮ್ಮ ನಾಯಿ, ಕಚ್ಚಿದ ಮೇಲೆ ಯಾರದು?

ನಮ್ಮ ಕಡೆ ಹೊಲದಾಗ ವಸ್ತಿ ಇದ್ದವರಿಗೆ ನಾಯಿ ಬೇಕೇ ಬೇಕು. ಕುಷ್ಟಗಿ, ಯಲಬುರ್ಗಾದ ಎರೆ ಹೊಲದಲ್ಲಿ ಕಡಲೆ ಕಾಯಲು, ಕೊಪ್ಪಳದ ಗುಡ್ಡದ ಬದಿಗೆ ಕುರಿಹಟ್ಟಿ ಕಾಯಲು, ಗಂಗಾವತಿ ಕಡೆ ನೆಲ್ಲಿನ ರಾಶಿ ಕಾಯಲು ಅದೇ ಆಳು. ಆದರೆ ದಾರಿಹೋಕರನ್ನು ಕಚ್ಚಿತು ಅಂದ ಕೂಡಲೇ, "ಅದು ನಮ್ದಲ್ರಿ, ಬೀದಿ ನಾಯಿ, ಬಂದು ಮಲಗತೈತಿ ಅಷ್ಟ" ಎನ್ನುವ ಮಾತು ಬರುತ್ತದೆ. ಈ ಮಾತು ಕಟ್ಟೆ ಮೇಲೆ ನಡೆದೀತು. ಕಾನೂನು ಮಾತ್ರ ನಾಯಿ ಯಾರ ವಶದಲ್ಲಿತ್ತು ಎಂದು ಕೇಳುತ್ತದೆ. ದಿನಾ ರೊಟ್ಟಿ ಹಾಕಿ, ರಾತ್ರಿ ಕಾವಲಿಗೆ ಬಿಟ್ಟುಕೊಂಡವರು ಜಾರಿಕೊಳ್ಳುವುದು ಕಷ್ಟ.

ಮನುಷ್ಯರನ್ನು ಕಚ್ಚಿದರೆ

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 291ನೇ ಕಲಂ ನಮಗೆ ಸಂಬಂಧಪಟ್ಟದ್ದು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ಭಾರಿ ಗಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಕಾನೂನಿನಲ್ಲಿ ಇದೇ 289ನೇ ಕಲಂ ಆಗಿತ್ತು, ದಂಡ 1,000 ರೂಪಾಯಿವರೆಗೆ ಇತ್ತು.

ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ನಾಯಿ ಕಚ್ಚಿದ್ದೇ ಅಪರಾಧ ಅಲ್ಲ. ಕಚ್ಚುವ ನಾಯಿ ಅಂತ ಗೊತ್ತಿದ್ದೂ, ಅಥವಾ ಅಲಕ್ಷ್ಯದಿಂದ, ಬಿಟ್ಟದ್ದು ಅಪರಾಧ. ಆದ್ದರಿಂದ ಶಾಲೆಗೆ ಹೋಗುವ ಮಕ್ಕಳು, ಕೂಲಿಗೆ ಬರುವ ಹೆಣ್ಣುಮಕ್ಕಳು ನಡೆದಾಡುವ ದಾರಿಯ ಪಕ್ಕ ನಾಯಿ ಇದ್ದರೆ ಹಗಲು ಕಟ್ಟಬೇಕು, ರಾತ್ರಿ ಬಿಡಬೇಕು. ಕಾನೂನಿಗೂ ಸರಿ, ಕಾವಲಿಗೂ ಸರಿ.

ಜೈಲು ದಂಡ ಬೇರೆ, ಪರಿಹಾರ ಬೇರೆ. ದವಾಖಾನೆ ಖರ್ಚು, ಹೋದ ಕೂಲಿ ಕೇಳಿ ಸಿವಿಲ್ ದಾವೆ ಹೂಡಬಹುದು. ಅಪಾಯದ ಪ್ರಾಣಿಯನ್ನು ಕಟ್ಟಿಹಾಕಿ ಎಂದೋ ವಿಲೇವಾರಿ ಮಾಡಿ ಎಂದೋ ಆದೇಶಿಸುವ ಅಧಿಕಾರ ಉಪವಿಭಾಗ ದಂಡಾಧಿಕಾರಿಗೂ ಇದೆ.

ಕುರಿ, ಕೋಳಿ ಹಿಡಿದರೆ

ದನ ಹೊಲ ಹೊಕ್ಕರೆ ದೊಡ್ಡಿಗೆ ಹೊಡೆಯುತ್ತೇವೆ. ಅದಕ್ಕೆ ಜಾನುವಾರು ಅತಿಕ್ರಮ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ಕುರಿ, ಆಡು, ಹಂದಿವರೆಗೆ ಹೆಸರಿದೆ, ನಾಯಿಯ ಹೆಸರಿಲ್ಲ. ಅಂದರೆ ನಾಯಿಗೆ ದೊಡ್ಡಿ ಇಲ್ಲ. ನಷ್ಟ ಆದವರು ಮಾಲೀಕನನ್ನೇ ಕೇಳಬೇಕು. ಹಿರಿಯರ ಮುಂದೆ ಬಗೆಹರಿದರೆ ಒಳ್ಳೆಯದು. ಆದರೆ ಸತ್ತ ಕುರಿ ಎಷ್ಟು, ಕೊಟ್ಟ ಹಣ ಎಷ್ಟು ಎಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ.

ಸಿಟ್ಟಿಗೆ ವಿಷ ಹಾಕುವುದು ಬೇಡ. ಪ್ರಾಣಿಗೆ ವಿಷ ಹಾಕಿ ಕೊಂದರೆ, ಕೈಕಾಲು ಮುರಿದರೆ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ವಿಷದ ತುಂಡು ತಿಂದು ನೆರೆಯವನ ನಾಯಿ, ಕಾಡುಪ್ರಾಣಿಯೂ ಸಾಯುತ್ತದೆ.

ಚಿಗರಿ ಮೇಲೆ ಛೂ ಬಿಡಬೇಡಿ

ಚಿಗರಿ ಹಿಂಡು ಬೆಳೆ ಮೇಯುವ ಸಂಕಟ ನಮಗೆಲ್ಲ ಗೊತ್ತು. ಬೊಗಳುವ ನಾಯಿ ಹೊಲದಲ್ಲಿ ಇರುವುದು ಬೇರೆ, ಬೆನ್ನಟ್ಟಿ ಹಿಡಿಸುವುದು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಟ್ಟಿಸಿ ಹಿಡಿಯುವುದೂ ಬೇಟೆಯೇ. ಚಿಗರಿ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಬೇಟೆಯಾಡಿದರೆ ಕಡಿಮೆ ಎಂದರೂ 3 ವರ್ಷ ಜೈಲು. ಮುಧೋಳ ನಾಯಿ ಓಟಕ್ಕೆ, ಬೇಟೆಗೆ ಹೆಸರಾದ ತಳಿ. ಅದನ್ನು ಸಾಕಿದವರು ಮೊಲದ ಹಿಂದೆ ಬಿಡುವ ಹಳೆಯ ಚಟ ಬಿಡಬೇಕು. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ.

ಗಂಗಾವತಿ ತಾಲೂಕಿನ ಬಂಕಾಪುರದ ಸುತ್ತ ತೋಳಗಳಿವೆ. ಬಿಟ್ಟ ನಾಯಿಗಳಿಂದ ತೋಳಗಳಿಗೆ ರೋಗ ಹರಡುತ್ತದೆ, ಎರಡೂ ಕೂಡಿ ಬೆರಕೆ ತಳಿಯೂ ಆಗುತ್ತದೆ. ಆ ಭಾಗದವರು ನಾಯಿಗೆ ಲಸಿಕೆ ತಪ್ಪಿಸಬಾರದು.

ಕಟ್ಟಿದರೆ ಮುಗಿಯಲಿಲ್ಲ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ನೀರು, ಕೂಳು, ನೆರಳು ಕೊಡದಿರುವುದು, ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು ತಪ್ಪು. ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಬೇರೆ ಊರ ಹತ್ತಿರ ಬಿಟ್ಟು ಬರುತ್ತೇವಲ್ಲ, ಅದೂ ತಪ್ಪೇ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. ಆದರೆ 3 ವರ್ಷದೊಳಗೆ ಮತ್ತೆ ಮಾಡಿದರೆ 3 ತಿಂಗಳವರೆಗೆ ಜೈಲೂ ಆದೀತು. ಹಾಗೆ ಬಿಟ್ಟ ಮರಿಗಳೇ ಮುಂದೆ ಕುರಿ ಹಿಡಿಯುವ ಹಿಂಡು ಆಗುತ್ತವೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಸಾಕಿದ ನಾಯಿಯ ಲಸಿಕೆ, ಜಂತುನಾಶಕ, ಸಂತಾನಹರಣ ಮಾಲೀಕನ ಹೊಣೆ. ಬೀದಿ ನಾಯಿಯದು ಸ್ಥಳೀಯ ಸಂಸ್ಥೆಯ ಹೊಣೆ.

ಲಸಿಕೆ ಚೀಟಿಯೇ ಸಾಕ್ಷಿ

ಮರಿಗೆ 3 ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷಾ ವರ್ಷಾ. ನನ್ನ ಎರಡು ನಾಯಿಗಳ ಲಸಿಕೆ ಚೀಟಿ ಹೊಲದ ಪಹಣಿ ಜೋಡಿ ಒಂದೇ ಚೀಲದಲ್ಲಿವೆ. ನಾಳೆ ತಕರಾರು ಬಂದರೆ ನಾವು ಎಚ್ಚರ ವಹಿಸಿದ್ದೆವು ಎಂದು ತೋರಿಸಲು ಇದೊಂದು ಕಾಗದ.

ಕಚ್ಚಿಬಿಟ್ಟರೆ ಸುಣ್ಣ, ಖಾರದಪುಡಿ ಹಚ್ಚಬೇಡಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ದವಾಖಾನೆಗೆ ಹೋಗಿ. ನಾಯಿಯನ್ನು ಕೊಲ್ಲದೆ, ದೂರ ಕಟ್ಟಿ 10 ದಿನ ನೋಡಿ. ಆದರೆ ಆ 10 ದಿನ ಮುಗಿಯಲಿ ಎಂದು ಸೂಜಿ ತಡ ಮಾಡಬೇಡಿ. ರೋಗದ ಲಕ್ಷಣ ಕಾಣಿಸಿತೆಂದರೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಊರಲ್ಲಿ ಲಸಿಕೆ ಹಾಕಿಸಲು ಪಂಚಾಯ್ತಿಯವರನ್ನೂ ಪಶು ಆಸ್ಪತ್ರೆಯವರನ್ನೂ ಮೊದಲೇ ಕಂಡು ಮಾತಾಡಿ. ನಿಮ್ಮ ಊರಲ್ಲಿ ಇಂಥದ್ದು ಮಾಡಿದ್ದರೆ ಹೇಗೆ ಮಾಡಿದಿರಿ, ಪತ್ರಿಕೆಗೆ ಬರೆಯಿರಿ.