ಹೊಟೇಲಿಗೆ ಸಾಫ್ಟ್‌ವೇರ್: ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಹೊಟೇಲ್ ಉದ್ಯಮದಲ್ಲಿ ಗಣಕಯಂತ್ರ ಇಂದು ಹೊಸ ಸಂಗತಿಯೇನಲ್ಲ. ಪುಣೆಯಲ್ಲಿ ನಮ್ಮವರ ಹೊಟೇಲುಗಳ ಪೈಕಿ ಬಿಲ್ ಮಾಡುವ ಯಂತ್ರವಿಲ್ಲದ ಗಲ್ಲಾ ಕಾಣಸಿಗುವುದೇ ಅಪರೂಪ. ಆದರೆ ಆ ಯಂತ್ರ ಬಿಲ್ ಹೊಡೆಯುವುದರ ಹೊರತು ಬೇರೇನು ಮಾಡುತ್ತಿದೆ ಎಂದು ಕೇಳಿ ನೋಡಿ. "ರಾತ್ರಿ ಟೋಟಲ್ ಕೊಡುತ್ತದೆ" ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಬರೀ ಟೋಟಲಿಗೆ ಒಂದು ಕ್ಯಾಲ್ಕುಲೇಟರ್ ಸಾಕಿತ್ತು. ಸ್ಟಾಕ್, ಖರೀದಿ, ರೆಸಿಪಿ, ಆನ್‌ಲೈನ್ ಆರ್ಡರ್, ಕೆಲಸಗಾರರ ಹಾಜರಿ ಎಲ್ಲದಕ್ಕೂ ಸೇರಿಸಿ ಹಣ ಕೊಟ್ಟು, ಬಿಲ್ಲಿಂಗ್ ಒಂದನ್ನೇ ಬಳಸುವುದು ಹತ್ತು ಒಲೆಯ ಅಡಿಗೆಮನೆ ಕಟ್ಟಿಸಿ ಒಂದರಲ್ಲಿ ಚಹಾ ಕಾಯಿಸಿದಂತೆ.

1950ರ ದಶಕದಲ್ಲಿ ಫರ್ಗುಸನ್ ಕಾಲೇಜು ರಸ್ತೆಯಲ್ಲಿ ಉದ್ಯಮ ಕಟ್ಟಿ, ರೂಪಾಲಿ ಮತ್ತು ವೈಶಾಲಿಗಳನ್ನು ಪುಣೆಯ ಗುರುತಾಗಿಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡರು. ಆ ತಲೆಮಾರಿನ ಮಾಲೀಕರಿಗೆ ಇಂಥ ತಂತ್ರಾಂಶ ಯಾವುದೂ ಬೇಕಿರಲಿಲ್ಲ. ಬೆಳಿಗ್ಗೆ ಹಿಟ್ಟಿನ ಪಾತ್ರೆ ನೋಡಿ, ಮಧ್ಯಾಹ್ನ ತೊಳೆಯಲು ಬಂದ ತಟ್ಟೆ ನೋಡಿ ಲೆಕ್ಕ ತಿಳಿಯುತ್ತಿತ್ತು. ಇಂದು ಎರಡನೆಯ ಶಾಖೆ ಬಾಣೇರಿನಲ್ಲಿ, ಮೂರನೆಯದು ಹಿಂಜವಡಿಯಲ್ಲಿ. ಊರಿನಿಂದ ಬರುತ್ತಿದ್ದ ಹುಡುಗರು ಕಡಿಮೆಯಾಗಿ, ಉತ್ತರ ಪ್ರದೇಶ, ಒಡಿಶಾ, ನೇಪಾಳದವರು ಅಡಿಗೆಮನೆಯಲ್ಲಿದ್ದಾರೆ. ಬಾಗಿಲಲ್ಲಿ ಡೆಲಿವರಿ ಹುಡುಗರ ಸಾಲು ಬೇರೆ. ಒಬ್ಬರ ಕಣ್ಣು ಇಷ್ಟು ಕಡೆ ಇರಲು ಸಾಧ್ಯವಿಲ್ಲ. ಸಾಫ್ಟ್‌ವೇರ್ ಬೇಕಾಗಿರುವುದು ಈ ಕಾರಣಕ್ಕೆ, ಪಕ್ಕದವರು ಹಾಕಿಸಿದರು ಎಂಬ ಕಾರಣಕ್ಕಲ್ಲ.

ಹಾಗಾಗಿ ಡೆಮೋ ತೋರಿಸಲು ಬಂದವರ ಮುಂದೆ ಕೂರುವ ಮುನ್ನ, ನಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಹಾಲು ಎಲ್ಲಿ ಹೋಗುತ್ತಿದೆ? ಪಾರ್ಸೆಲ್‌ನಲ್ಲಿ ಕಮಿಷನ್, ಡಬ್ಬಿ ಕಳೆದು ಏನು ಉಳಿಯುತ್ತಿದೆ? ರದ್ದಾದ ಬಿಲ್‌ಗಳು ಎಷ್ಟು, ಯಾರ ಕೈಯಲ್ಲಿ? ಇಂಥ ಮೂರು ಪ್ರಶ್ನೆ ಸಾಕು. ಮಾರಲು ಬಂದವರಿಗೆ ಅವನ್ನೇ ಕೊಟ್ಟು, "ಇದರ ರಿಪೋರ್ಟ್ ತೋರಿಸಿ" ಎನ್ನಿ. ಬಣ್ಣದ ಗ್ರಾಫು ಆಮೇಲೆ ನೋಡೋಣ.

ಇನ್ನು ಯಾವಾಗ ಶುರು ಮಾಡುವುದು? ಅಮೆರಿಕದ ಹರ್ಶೀಸ್ ಚಾಕಲೇಟ್ ಕಂಪನಿ ಈ ವಿಷಯದಲ್ಲಿ ದೊಡ್ಡ ಪಾಠ ಕಲಿಯಿತು. ಸುಮಾರು 11.2 ಕೋಟಿ ಡಾಲರ್ ಖರ್ಚು ಮಾಡಿ, ಇಡೀ ವ್ಯವಹಾರಕ್ಕೆ ಹೊಸ ಸಾಫ್ಟ್‌ವೇರ್ ಹಾಕಿಸಿ, 1999ರ ಜುಲೈಯಲ್ಲಿ ಎಲ್ಲವನ್ನೂ ಒಮ್ಮೆಗೇ ಚಾಲೂ ಮಾಡಿತು. ಮುಂದೆಯೇ ಹ್ಯಾಲೋವೀನ್, ಅಲ್ಲಿ ಮಿಠಾಯಿ ವ್ಯಾಪಾರದ ಸುಗ್ಗಿ. ಗೋದಾಮಿನಲ್ಲಿ ಮಾಲಿದ್ದರೂ ಗಣಕಯಂತ್ರಕ್ಕೆ ಅದು ಕಾಣಿಸಲಿಲ್ಲ. ಸುಮಾರು 10 ಕೋಟಿ ಡಾಲರ್ ಮೊತ್ತದ ಆರ್ಡರ್ ಪೂರೈಸಲಾಗಲಿಲ್ಲ. ಅದೇ ಕಂಪನಿ 2002ರಲ್ಲಿ ಹೊಸ ಆವೃತ್ತಿಗೆ ಬದಲಾದಾಗ ಸಾಕಷ್ಟು ಪರೀಕ್ಷೆ ಮಾಡಿ, ಕೆಲಸವನ್ನು ಸುಸೂತ್ರವಾಗಿ ಮುಗಿಸಿತು.

ನಮ್ಮ ಹ್ಯಾಲೋವೀನ್ ಎಂದರೆ ಗಣೇಶೋತ್ಸವದ ಹತ್ತು ದಿನ. ಪೇಟೆ ಭಾಗದಲ್ಲಿ ಹೊಟೇಲಿರುವವರು ಆಗಸ್ಟ್‌ನಲ್ಲಿ ಹೊಸ ಸಾಫ್ಟ್‌ವೇರಿಗೆ ಕೈ ಹಾಕದಿರುವುದೇ ಒಳ್ಳೆಯದು. ಏಕಾದಶಿಯ ಹಿಂದಿನ ದಿನವೂ ಬೇಡ. ಸಾಬುದಾಣೆ ಖಿಚಡಿಯ ಗಿರಾಕಿ ನಿಂತಿರುವಾಗ ಐಟಂ ಎಲ್ಲಿದೆ ಎಂದು ಸ್ಕ್ರೀನಿನಲ್ಲಿ ಹುಡುಕುತ್ತಾ ಕೂರಲಾಗದು. ಕಾಲೇಜು ಪಕ್ಕದವರಿಗೆ ಮೇ ತಿಂಗಳ ರಜೆ ಅನುಕೂಲ. ಐ.ಟಿ. ಕಚೇರಿಗಳ ಹತ್ತಿರವಿರುವವರು ಶನಿವಾರ ಆರಂಭಿಸಬಹುದು. ಮೊದಲ ಎರಡು ವಾರ ಹಳೆಯ ಬಿಲ್ ಪುಸ್ತಕವೋ ಯಂತ್ರವೋ ಜೊತೆಗೇ ಇರಲಿ. ಒಂದು ಶಾಖೆಯಲ್ಲಿ ಸರಿಹೋದ ಮೇಲೆ ಮತ್ತೊಂದು.

ಆರಂಭಕ್ಕಿಂತ ಮೊದಲಿನ ಕೆಲಸವೇ ಬೇಸರದ್ದು, ಮುಖ್ಯವಾದದ್ದೂ ಅದೇ. ಮೆನುವಿನಲ್ಲಿ "ಇಡ್ಲಿ ವಡೆ", "ವಡಾ ಇಡ್ಲಿ", "ಇಡ್ಲಿ 1 ವಡಾ 1" ಎಂದು ಮೂರು ಹೆಸರಲ್ಲಿ ಒಂದೇ ತಿಂಡಿ ಕೂತಿದ್ದರೆ ತಿಂಗಳ ಕೊನೆಗೆ ಯಾವ ರಿಪೋರ್ಟೂ ಸರಿ ಬರುವುದಿಲ್ಲ. ಖರೀದಿಯಲ್ಲೂ ಹಾಗೆಯೇ. ಮಾರ್ಕೆಟ್ ಯಾರ್ಡಿನಿಂದ ಈರುಳ್ಳಿ ಗೋಣಿಯಲ್ಲಿ ಬರುತ್ತದೆ, ಅಡಿಗೆಮನೆಗೆ ಕಿಲೋದಲ್ಲಿ ಹೋಗುತ್ತದೆ. ಗೋಣಿಗೆ ಎಷ್ಟು ಕಿಲೋ, ಸಿಪ್ಪೆ ತೆಗೆದ ಮೇಲೆ ಎಷ್ಟು ಎಂಬುದನ್ನು ತೂಗಿ ಬರೆಯದಿದ್ದರೆ ಸ್ಟಾಕ್ ಎಂಬುದು ಬರೀ ಹೆಸರಿಗೆ. ಈ ಪಟ್ಟಿಯನ್ನು ಸಾಫ್ಟ್‌ವೇರ್ ಕಂಪನಿಯ ಹುಡುಗ ಮಾಡಲಾರ. ಭಟ್ಟರು, ಸ್ಟೋರಿನವರು, ಮಾಲೀಕರು ಮೂವರೂ ಒಂದು ವಾರ ಮಧ್ಯಾಹ್ನ ಕೂತು ಮಾಡಬೇಕು.

ಲೆಕ್ಕ ಹೇಗೆ ಉಪಯೋಗಕ್ಕೆ ಬರುತ್ತದೆಂದು ಹಾಲಿನ ಉದಾಹರಣೆಯಿಂದ ನೋಡೋಣ. ಒಂದು ದಿನ 60 ಲೀಟರ್ ಹಾಲು ಬಂತು ಎಂದಿಟ್ಟುಕೊಳ್ಳಿ. ಚಹಾ ಕಾಫಿ ಸೇರಿ 620 ಕಪ್ ಬಿಲ್ ಆಗಿದೆ. ಕಪ್ಪಿಗೆ 80 ಮಿಲಿ ಹಾಲು ಎಂದರೆ 49.6 ಲೀಟರ್. ಉಳಿದ 10.4 ಲೀಟರ್ ಎಲ್ಲಿ? ಸ್ಕ್ರೀನಿನಲ್ಲಿ ಕೆಂಪು ಅಕ್ಷರದಲ್ಲಿ "ಕೊರತೆ" ಎಂದು ಬಂದ ಕೂಡಲೇ ಚಹಾದವನನ್ನು ಕರೆದು ಗದರಿದರೆ ಅಲ್ಲಿಗೇ ಕೆಲಸ ಕೆಟ್ಟಿತು. 25 ಮಂದಿ ಕೆಲಸಗಾರರು ದಿನಕ್ಕೆ ಮೂರು ಸಲ ಚಹಾ ಕುಡಿದರೆ ಅದೇ 6 ಲೀಟರ್. ಮೊಸರಿಗೆ ಹಾಕಿದ್ದು 3 ಲೀಟರ್. ಉಳಿಯುವುದು 1.4 ಲೀಟರ್, ಅದರಲ್ಲಿ ಉಕ್ಕಿ ಹೋದದ್ದೂ ಇದೆ. ಕೆಲಸಗಾರರ ಚಹಾ, ತಿಂಡಿಯನ್ನೂ ಶೂನ್ಯ ಬೆಲೆಯ ಬಿಲ್ಲಾಗಿ ದಾಖಲಿಸುವ ಪದ್ಧತಿ ಇಟ್ಟರೆ ಈ ಗೊಂದಲವೇ ಇಲ್ಲ. ಒಂದು ದಿನದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಹದಿನೈದು ದಿನ ಒಂದೇ ದಿಕ್ಕಿನಲ್ಲಿ ಹೋದರೆ ಮಾತ್ರ ವಿಚಾರಿಸಬೇಕು.

ಇಪ್ಪತ್ತು ವರ್ಷ ಗಲ್ಲಾ ನೋಡಿಕೊಂಡ ಮ್ಯಾನೇಜರಿಗೆ ಸಾಫ್ಟ್‌ವೇರ್ ಬಂತೆಂದರೆ, ಧಣಿಗಳಿಗೆ ತನ್ನ ಮೇಲೆ ನಂಬಿಕೆ ಹೋಯಿತು ಎಂದೇ ಮೊದಲು ಅನಿಸುವುದು. ಓದು ಮುಗಿಸಿ ಬಂದ ಮಗ ತಾನೇ ಆರಿಸಿ ತಂದಿದ್ದರಂತೂ ಹೇಳುವುದೇ ಬೇಡ. ಅವರು ಬಾಯಿಬಿಟ್ಟು ವಿರೋಧಿಸುವುದಿಲ್ಲ, "ಇದು ನಿಧಾನ ಮಾರಾಯರೇ, ರಶ್ಶಿಗೆ ಆಗುವುದಿಲ್ಲ" ಎಂದು ಪಕ್ಕಕ್ಕಿಡುತ್ತಾರೆ. ಆದ್ದರಿಂದ ಆಯ್ಕೆಗೆ ಮುನ್ನವೇ ಅವರನ್ನು ಕೂರಿಸಿಕೊಂಡು ಕೇಳಬೇಕು. ಎಲ್ಲಿ ಸೋರಿಕೆ ಎಂಬುದು ಮಾಲೀಕರಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಬಿಲ್ ರದ್ದು ಮಾಡುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಇದ್ದು, ಪ್ರತಿ ರದ್ದಿಗೂ ಕಾರಣ ಬರೆಯುವಂತಿರಲಿ. ಪ್ರಾಮಾಣಿಕ ಮ್ಯಾನೇಜರಿಗೆ ಇದೇ ರಕ್ಷಣೆ. ಮಾಲೀಕರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗಲ್ಲಾದ ಬದಿಗೆ ಅಂಟಿಸಿರುವುದೂ ಉಂಟು! ಹಾಗಿದ್ದರೆ ಈ ಏರ್ಪಾಡೆಲ್ಲ ದಂಡ.

ಅಡಿಗೆಮನೆಯ ಪ್ರಿಂಟರ್ ಬಗ್ಗೆ ಎರಡು ಮಾತು. ಗಲ್ಲಾದಲ್ಲಿ ಬಳಸುವ ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ. ದೋಸೆ ಕಾವಲಿಯ ಹತ್ತಿರ ಇಟ್ಟರೆ ಆರ್ಡರ್ ಚೀಟಿ ಓದಲಾಗುವುದಿಲ್ಲ. ದೂರ ಇಡಿ, ಇಲ್ಲವೇ ರಿಬ್ಬನ್ ಇರುವ ಪ್ರಿಂಟರ್ ಹಾಕಿಸಿ. ಚೀಟಿಯ ಭಾಷೆ ಭಟ್ಟರು ಓದಬಲ್ಲ ಭಾಷೆಯಾಗಿರಲಿ, ಕನ್ನಡವೋ ಹಿಂದಿಯೋ ಮರಾಠಿಯೋ. ಇಂಟರ್‌ನೆಟ್ ಹೋದಾಗ ಬಿಲ್ ಆಗುತ್ತದೆಯೇ ಎಂದು ಡೆಮೋ ದಿನವೇ ವೈರ್ ಕಿತ್ತು ನೋಡಿ.

ತೆರಿಗೆಯ ಸೆಟ್ಟಿಂಗನ್ನು ನಮ್ಮ ಲೆಕ್ಕಪರಿಶೋಧಕರ ಎದುರಲ್ಲೇ ಮಾಡಿಸಬೇಕು. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟ್‌ಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದೆ 5 ಶೇಕಡಾ ಜಿ.ಎಸ್.ಟಿ. ಕಾಂಪೊಸಿಷನ್‌ನಲ್ಲಿರುವವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಆದ್ದರಿಂದ ಅವರ ಬಿಲ್ಲಿನಲ್ಲಿ ಆ ಸಾಲೇ ಬರಬಾರದು. 2022ರ ಜನವರಿ 1ರಿಂದ ಸ್ವಿಗ್ಗಿ, ಝೊಮ್ಯಾಟೊ ಮೂಲಕ ಹೋಗುವ ಊಟ ತಿಂಡಿಯ ತೆರಿಗೆಯನ್ನು ಆ ಕಂಪನಿಗಳೇ ತುಂಬಬೇಕು. ಆ ಮಾರಾಟ ಪ್ರತ್ಯೇಕವಾಗಿ ತೋರದಿದ್ದರೆ ನಾವೂ ಮತ್ತೊಮ್ಮೆ ತುಂಬುವ ಅಪಾಯವಿದೆ. ಕಮಿಷನ್ ಕಳೆದು ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟ ಎಂದು ಬರೆಯುವುದೂ ತಪ್ಪು. ಪೂರ್ತಿ ಮಾರಾಟ ಒಂದು ಕಡೆ, ಕಮಿಷನ್ ಖರ್ಚಿನ ಕಡೆ. 2025ರ ಸೆಪ್ಟೆಂಬರ್ 22ರಂದು ಪ್ಯಾಕೆಟ್ ನಮ್ಕೀನಿನ ದರ 12ರಿಂದ 5 ಶೇಕಡಾಕ್ಕೆ ಇಳಿದಂತೆ ದರಗಳು ಬದಲಾಗುತ್ತಲೇ ಇರುತ್ತವೆ. ಅದನ್ನು ಬದಲಿಸುವವರು ಯಾರು, ಅದಕ್ಕೆ ಬೇರೆ ಹಣವೇ ಎಂದು ಮೊದಲೇ ಕೇಳಿ. ಸರ್ವಿಸ್ ಚಾರ್ಜ್ ತಾನಾಗಿ ಬಿಲ್ಲಿಗೆ ಸೇರುವ ವ್ಯವಸ್ಥೆಯಿದ್ದರೆ ತೆಗೆಸಿಬಿಡಿ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಅದನ್ನು ನಿಷೇಧಿಸಿದ್ದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ಹಾಕಿದ ಹಣಕ್ಕೆ ಫಲ ಬಂತೇ ಎಂದು ತಿಳಿಯಲು ಹಿಂದಿನ ಲೆಕ್ಕ ಬೇಕು. ಸಾಫ್ಟ್‌ವೇರ್ ಬರುವುದಕ್ಕೆ ಮೂರು ತಿಂಗಳು ಮೊದಲಿನಿಂದಲೇ, ತಿಂಗಳ ಆರಂಭದ ಸ್ಟಾಕಿಗೆ ಖರೀದಿ ಕೂಡಿಸಿ, ಕೊನೆಯ ಸ್ಟಾಕ್ ಕಳೆದು, ತೆರಿಗೆ ಬಿಟ್ಟು ಆದ ಮಾರಾಟಕ್ಕೆ ಅದು ಶೇಕಡಾ ಎಷ್ಟು ಎಂದು ಬರೆದಿಡಿ. ತಿಂಗಳಿಗೆ 12 ಲಕ್ಷ ಮಾರಾಟವಿದ್ದು, ಸಾಮಾನಿನ ಖರ್ಚು 36 ಶೇಕಡಾದಿಂದ 35ಕ್ಕೆ ಇಳಿದರೆ ತಿಂಗಳಿಗೆ 12,000 ರೂಪಾಯಿ ಉಳಿಯಿತು. ಸಾಫ್ಟ್‌ವೇರ್, ಟ್ಯಾಬ್, ಪ್ರಿಂಟರ್, ರೋಲು, ತರಬೇತಿ ಎಲ್ಲ ಸೇರಿ ಮೊದಲ ವರ್ಷ 90,000 ಆಯಿತೆಂದರೂ ತಿಂಗಳಿಗೆ ಬೀಳುವುದು 7,500. ಆದರೆ ಆ ಒಂದು ಶೇಕಡಾ ಇಳಿಯಬೇಕಾದರೆ ಯಾರಾದರೊಬ್ಬರು ದಿನಾ ರಾತ್ರಿ ಹತ್ತು ನಿಮಿಷ ರಿಪೋರ್ಟ್ ಓದಲೇಬೇಕು. ಓದುವವರಿಲ್ಲದಿದ್ದರೆ ಅಗ್ಗದ ಬಿಲ್ಲಿಂಗ್ ಯಂತ್ರವೇ ಲೇಸು.

ಕರಾರಿಗೆ ಸಹಿ ಹಾಕುವ ಮುನ್ನ ಕೊನೆಯದಾಗಿ ಒಂದು ವಿಚಾರ. ನಾಳೆ ಬೇರೆ ಕಂಪನಿಗೆ ಹೋಗುವುದಾದರೆ ನಮ್ಮ ಮೆನು, ಮಾರಾಟ, ಗಿರಾಕಿಗಳ ಫೋನ್ ನಂಬರ್ ಎಲ್ಲ ಎಕ್ಸೆಲ್ ರೂಪದಲ್ಲಿ ಕೈಗೆ ಸಿಗುತ್ತದೆಯೇ, ಎಷ್ಟು ದಿನದಲ್ಲಿ, ಯಾವ ಖರ್ಚಿನಲ್ಲಿ? ಬಾಯಿಮಾತಿನ ಭರವಸೆ ಬೇಡ, ಕರಾರಿನಲ್ಲೇ ಬರೆಸಿ. ಆ ಫೋನ್ ನಂಬರುಗಳನ್ನು ಸಾಫ್ಟ್‌ವೇರ್ ಕಂಪನಿ ಬೇರೆ ಯಾರಿಗೂ ಕೊಡುವಂತಿಲ್ಲ ಎಂಬ ಸಾಲೂ ಅದರಲ್ಲೇ ಇರಲಿ.